ವಯಸ್ಸಾಯ್ತಲ್ಲ, ನಿಧಾನ ಆಗುತ್ತೆ

ಈ ಮಾತು ಕೇಳಿ ಎರಡು ವರ್ಷ ಕಳೆದಿದೆ, ಇನ್ನೂ ತಲೆಯಿಂದ ಹೋಗಿಲ್ಲ. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡಿದ್ದಳು, ಮೊಣಕಾಲು ಮತ್ತು ಪಾದದ ನಡುವೆ. ಆಗ ಅವಳಿಗೆ 73. ಆಪರೇಷನ್ ಮಾಡಿ ಮೂಳೆಯ ಒಳಗೆ ರಾಡ್ ಹಾಕಿದರು. ಆರು ವಾರಕ್ಕೆ ಒಂದು ಎಕ್ಸ್‌ರೇ, ಮೂರು ತಿಂಗಳಿಗೆ ಇನ್ನೊಂದು. ಮೂರನೇ ತಿಂಗಳಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು, ಮುರಿದ ಕಡೆ ಕಾಣುತ್ತಿದ್ದ ಕಪ್ಪು ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟು, "ಇನ್ನೂ ಕೂಡಿಲ್ಲಮ್ಮ. ವಯಸ್ಸಾಯ್ತಲ್ಲ, ನಿಧಾನ ಆಗುತ್ತೆ" ಅಂದರು. ಒಳ್ಳೆಯ ಡಾಕ್ಟರು, ಒಳ್ಳೆಯ ದನಿಯಲ್ಲೇ ಹೇಳಿದರು. ಅಮ್ಮ ತಲೆಯಾಡಿಸಿದಳು. ನಾನೂ ತಲೆಯಾಡಿಸಿದೆ. ಹೊರಗೆ ಬಂದು ಗಾಡಿ ಹತ್ತಿದ ಮೇಲೆ ಅಮ್ಮ ಕೇಳಿದಳು, "ವಯಸ್ಸಾದ್ರೆ ಮೂಳೆಗೆ ಏನಾಗುತ್ತೆ?" ನಾನು "ಸವೆಯುತ್ತೆ" ಅಂದೆ. "ಸವೆದಿದ್ದಕ್ಕೆ ಮುರೀತು ಅನ್ನು, ಸರಿ. ಕೂಡೋದು ಯಾಕೆ ತಡ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮ ಇದೆ. ಮೂಳೆ ಟೊಳ್ಳಾಗುವುದು ಒಂದು ಕಥೆ, ಅದು ನಮಗೆಲ್ಲ ಗೊತ್ತು. ಮುರಿದ ಮೂಳೆ ಕೂಡುವುದು ಬೇರೆಯೇ ಕಥೆ. ಅದೇ ಹೊತ್ತಿಗೆ ತಂಗಿಯ ಮಗ, ಆರು ವರ್ಷದವನು, ಆಡುವಾಗ ಬಿದ್ದು ಮುಂಗೈ ಮುರಿದುಕೊಂಡಿದ್ದ. ಅಮ್ಮನಿಗಿಂತ ಒಂದು ತಿಂಗಳು ತಡವಾಗಿ ಬಿದ್ದವನು ಅಮ್ಮನಿಗಿಂತ ಎಷ್ಟೋ ಮೊದಲು ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದು, ಅವಳ ವಾಕರ್ ಹಿಡಿದು ಮನೆಯೆಲ್ಲ ಓಡಾಡಿದ. ಹುಟ್ಟುವಾಗ ಮಗುವಿನ ತೊಡೆ ಮೂಳೆ ಮುರಿದರೆ ಎರಡು ಮೂರು ವಾರದಲ್ಲಿ ಕೂಡುತ್ತದೆ. ದೊಡ್ಡವರಲ್ಲಿ ಅದೇ ಮೂಳೆಗೆ ಮೂರು ತಿಂಗಳಾದರೂ ಬೇಕು. ಇಲಿಗಳಲ್ಲೂ ಹೀಗೇ. 6 ವಾರದ ಮರಿ ಇಲಿಯ ತೊಡೆ ಮೂಳೆ ಮುರಿದರೆ ಸುಮಾರು 4 ವಾರದಲ್ಲಿ ಮೊದಲಿನ ಗಟ್ಟಿತನ ಬರುತ್ತದೆ, 26 ವಾರದ್ದಕ್ಕೆ 10 ವಾರ ಬೇಕು, ಒಂದು ವರ್ಷದ ಇಲಿಗೆ ಆರು ತಿಂಗಳಾದರೂ ಪೂರ್ತಿ ಬರುವುದಿಲ್ಲ. ಒಂದು ವರ್ಷದ ಇಲಿ ಅಂದರೆ ಮುದಿಯೂ ಅಲ್ಲ, ನಮ್ಮ ಲೆಕ್ಕದಲ್ಲಿ ನಡುವಯಸ್ಸು. (ಇದನ್ನು ಓದಿದ ದಿನ ನನ್ನದೇ ಮಣಿಕಟ್ಟನ್ನು ಸುಮ್ನೆ ಒಮ್ಮೆ ಒತ್ತಿ ನೋಡಿಕೊಂಡೆ.)

"ವಯಸ್ಸು" ಅನ್ನೋದು ಕಾರಣ ಆಗೋದು ಹೇಗೆ? ವಯಸ್ಸು ಅಂದರೆ ಕ್ಯಾಲೆಂಡರು ತಾನೇ. ಕ್ಯಾಲೆಂಡರು ಗೋಡೆ ಮೇಲೆ ಇರುತ್ತದೆ, ಮೂಳೆಯ ಒಳಗೆ ಹೋಗೋದಿಲ್ಲ. ಒಳಗೆ ನಿಜವಾಗಿ ಏನೋ ನಡೆಯಬೇಕು ಅಲ್ವಾ? ಅಮ್ಮ ಮಲಗಿದ ಮೇಲೆ ರಾತ್ರಿ ಹೊತ್ತು ಅದನ್ನೇ ಹುಡುಕಿ ಓದೋಕೆ ಶುರು ಮಾಡಿದೆ. ಹೋದ ಕಡೆಯೆಲ್ಲ ಎದುರಾದ ಪದ ಒಂದೇ, ಆಕ್ಸಿಡೇಟಿವ್ ಸ್ಟ್ರೆಸ್. ಆಮ್ಲಜನಕದಿಂದ ಹುಟ್ಟಿ ಜೀವಕೋಶಗಳನ್ನು ಸುಡುವ ವಸ್ತುಗಳು ಮೈಯೊಳಗೆ ಮಿತಿಮೀರುವುದು ಅಂತ ಅರ್ಥ. ಈ ಪದವನ್ನು ಅದುವರೆಗೆ ನಾನು ನೋಡಿದ್ದು ಮುಖದ ಕ್ರೀಮಿನ ಡಬ್ಬಿ ಮೇಲೆ, ಹಾಗಾಗಿ ಮೊದಲಿಗೆ ನನಗೆ ನಂಬಿಕೆಯೇ ಬರಲಿಲ್ಲ.

ಮೊದಲು ಬೆಂಕಿ ಬೇಕೇ ಬೇಕು

ಮೂಳೆ ಮುರಿದ ಕ್ಷಣ ಒಳಗಿನ ರಕ್ತನಾಳಗಳೂ ಹರಿಯುತ್ತವೆ. ರಕ್ತ ಅಲ್ಲೇ ತುಂಬಿಕೊಂಡು ಹೆಪ್ಪುಗಟ್ಟುತ್ತದೆ. ನಾವು ಅದನ್ನು ಗಾಯದ ಕೊಳೆ ಅಂದುಕೊಳ್ಳುತ್ತೇವೆ, ಆದರೆ ಕೆಲಸ ಶುರುವಾಗುವುದೇ ಆ ಹೆಪ್ಪಿನಿಂದ. ಅದನ್ನು ತೊಳೆದು ತೆಗೆದರೆ ಮೂಳೆ ಕೂಡುವುದು ಕಷ್ಟವಾಗುತ್ತದೆ. ಚರ್ಮ ಹರಿದು ಮೂಳೆ ಹೊರಗೆ ಬಂದ ಏಟುಗಳು ನಿಧಾನವಾಗಿ ಕೂಡುವುದಕ್ಕೆ ಇದೂ ಒಂದು ಕಾರಣ. ಮೊದಲ ಗಂಟೆಗಳಲ್ಲೇ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಬಂದವು ಆಮ್ಲಜನಕವನ್ನು ಎಳೆದುಕೊಂಡು ಅದಕ್ಕೆ ಒಂದು ಎಲೆಕ್ಟ್ರಾನ್ ಅಂಟಿಸಿ ಹೊರಗೆ ಉಗುಳುತ್ತವೆ. ಹೀಗೆ ಹುಟ್ಟುವ ಸೂಪರ್‌ಆಕ್ಸೈಡ್ ಬೇಗನೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯ ತೊಳೆಯೋಕೆ ಬಾಟಲಿಯಲ್ಲಿ ಬರುತ್ತದಲ್ಲ, ಅದೇ ವಸ್ತು. ಇವು ಕೀಟಾಣುಗಳನ್ನು ಸುಡುತ್ತವೆ, ಸತ್ತ ಜೀವಕೋಶಗಳನ್ನು ಗುಡಿಸುವವರನ್ನು ಕರೆಯುತ್ತವೆ. ಸ್ವಲ್ಪ ಸ್ವಲ್ಪ ಇದ್ದಾಗ ಪೆರಾಕ್ಸೈಡ್ ಸುಡುವುದಕ್ಕಿಂತ ಜಾಸ್ತಿ ಸುದ್ದಿ ಮುಟ್ಟಿಸುತ್ತದೆ. ಹೊಸ ರಕ್ತನಾಳ ಬೆಳೆಸಿ, ಕೆಲಸದವರು ಬನ್ನಿ ಅನ್ನುವ ಸುದ್ದಿ. ಅಂದರೆ ದೇಹ ತಾನೇ ಬೇಕೆಂದು ಹಚ್ಚಿದ ಬೆಂಕಿ ಇದು.

ಆಮೇಲಿನದು ನಿಮಗೆ ಗೊತ್ತಿರಬಹುದು. ಕೆಲವು ದಿನಗಳಲ್ಲಿ ಬೆಂಕಿ ತಗ್ಗುತ್ತದೆ. ಮೂಳೆಯನ್ನು ಸುತ್ತಿದ ಪೊರೆಯಿಂದ, ಮಜ್ಜೆಯಿಂದ ಎಳೆಯ ಜೀವಕೋಶಗಳು ಬಂದು ಎರಡು ತುದಿಗಳ ನಡುವೆ ಮೆದು ಮೂಳೆಯ ಗಂಟು ಕಟ್ಟುತ್ತವೆ, ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇರುವಂಥ ಮೆದು ಮೂಳೆ. ಇದಕ್ಕೆ ಕ್ಯಾಲಸ್ ಅನ್ನುತ್ತಾರೆ. ಅದರೊಳಗೆ ಸುಣ್ಣ ತುಂಬಿ ಗಟ್ಟಿ ಮೂಳೆ ಆಗುತ್ತದೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಡದ್ದನ್ನು ಕೆತ್ತಿ ಬೇಕಾದ್ದನ್ನು ತುಂಬಿ ಮೊದಲಿನ ಆಕಾರಕ್ಕೆ ತರುವ ಕೆಲಸ. ಚರ್ಮಕ್ಕೆ ಗಾಯ ಆದರೆ ಕಲೆ ಉಳಿಯುತ್ತದೆ. ಮೂಳೆ ಸರಿಯಾಗಿ ಕೂಡಿದರೆ ಅಲ್ಲಿ ಮತ್ತೆ ಮೂಳೆಯೇ ಇರುತ್ತದೆ, ಕಲೆ ಇರುವುದಿಲ್ಲ. ಇಷ್ಟು ದೊಡ್ಡ ವಿಷಯ ಶಾಲೆಯಲ್ಲಿ ಯಾಕೆ ಯಾರೂ ಹೇಳಲಿಲ್ಲವೋ. 206 ಮೂಳೆ ಎಣಿಸಿ ಬಾಯಿಪಾಠ ಮಾಡಿಸಿದರು, ಅಷ್ಟೇ.

ಇಲ್ಲಿ ಒಂದು ಅಡ್ಡ ಮಾತು. ನೋವಿಗೆ, ಊತಕ್ಕೆ ಕೊಡುವ ಕೆಲವು ಮಾತ್ರೆಗಳು ಈ ಮೊದಲ ಬೆಂಕಿಯನ್ನೇ ತಣಿಸುತ್ತವೆ. ಕಾಕ್ಸ್-2 ಅನ್ನುವ ಕಿಣ್ವ ಇಲ್ಲದ ಇಲಿಗಳಲ್ಲಿ ಮೂಳೆ ಸರಿಯಾಗಿ ಕೂಡಲಿಲ್ಲ ಅಂತ 2002ರಲ್ಲೇ ಗೊತ್ತಾಯಿತು, ಆ ಮಾತ್ರೆಗಳು ತಡೆಯುವುದೂ ಅದೇ ಕಿಣ್ವವನ್ನು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಅನ್ನುವ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಇದನ್ನು ಓದಿ ಯಾರೂ ನೋವಿನ ಮಾತ್ರೆ ಬಿಡೋಕೆ ಹೋಗಬೇಡಿ, ನೋವು ತಡೆದುಕೊಂಡು ಮಲಗೇ ಇರುವುದು ಅದಕ್ಕಿಂತ ಕೆಟ್ಟದ್ದು. ಊತವನ್ನು ನಾನು ಅದುವರೆಗೆ ಶತ್ರು ಅಂದುಕೊಂಡಿದ್ದೆ, ಅದಕ್ಕೆ ಹೇಳಿದೆ. ಅಮ್ಮನ ಕಾಲು ಮೊದಲ ವಾರ ಊದಿ ಬಿಸಿಯಾಗಿದ್ದಾಗ ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿ ಬೈದುಕೊಂಡಿದ್ದೆ.

ತುಕ್ಕು ಅನ್ನುವ ಹೋಲಿಕೆ

ವಯಸ್ಸಾಗುವುದನ್ನು ತುಕ್ಕು ಹಿಡಿಯುವುದಕ್ಕೆ ಹೋಲಿಸುವುದು ರೂಢಿ. ಇದರ ಹಿಂದೆ ನಿಜವಾದ ವಿಜ್ಞಾನ ಇದೆ. ಡೆನ್ಹಮ್ ಹಾರ್ಮನ್ ಅನ್ನುವ ಅಮೆರಿಕದ ವಿಜ್ಞಾನಿ 1956ರಲ್ಲಿ ಒಂದು ವಾದ ಮುಂದಿಟ್ಟ. ಉಸಿರಾಟದಿಂದ ನಮ್ಮೊಳಗೇ ಹುಟ್ಟುವ, ಒಂಟಿ ಎಲೆಕ್ಟ್ರಾನ್ ಹೊತ್ತು ಸಿಕ್ಕಿದ್ದನ್ನೆಲ್ಲ ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳು ದಿನ ದಿನವೂ ಸ್ವಲ್ಪ ಸ್ವಲ್ಪ ಹಾಳು ಮಾಡುತ್ತಾ ಹೋಗುತ್ತವೆ, ಅದೇ ಮುಪ್ಪು ಅಂತ. ಜೀವಕೋಶದಲ್ಲಿರುವ ಮೈಟೊಕಾಂಡ್ರಿಯಾ ಅನ್ನುವ ಒಲೆಯಲ್ಲಿ ಆಹಾರ ಉರಿಯುವಾಗ ಒಂದಿಷ್ಟು ಎಲೆಕ್ಟ್ರಾನುಗಳು ಸೋರಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಹುಟ್ಟುವುದು ಮತ್ತದೇ ಸೂಪರ್‌ಆಕ್ಸೈಡ್. ಮೊದಮೊದಲು ಹಾರ್ಮನ್ ಮಾತನ್ನು ಹೆಚ್ಚು ಜನ ಕೇಳಲಿಲ್ಲ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಸೇರಿ ಸೂಪರ್‌ಆಕ್ಸೈಡನ್ನು ಆರಿಸುವುದೇ ಕೆಲಸವಾಗಿರುವ ಒಂದು ಕಿಣ್ವ ನಮ್ಮೊಳಗೆ ಇದೆ ಅಂತ ತೋರಿಸಿದ ಮೇಲೆ ಲೆಕ್ಕ ಬದಲಾಯಿತು. ಬೆಂಕಿಯೇ ಇಲ್ಲದಿದ್ದರೆ ಅಗ್ನಿಶಾಮಕ ದಳ ಯಾಕೆ ಇರುತ್ತದೆ? ಅಂದಹಾಗೆ ಈ ದಳದ ಇನ್ನೊಬ್ಬ ಸದಸ್ಯನನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಗಾಯದ ಮೇಲೆ ಪೆರಾಕ್ಸೈಡ್ ಸುರಿದಾಗ ಬುಸುಬುಸು ನೊರೆ ಬರುತ್ತದಲ್ಲ, ಅದು ಕ್ಯಾಟಲೇಸ್ ಅನ್ನುವ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುವ ದೃಶ್ಯ.

ಆದರೂ ತುಕ್ಕಿನ ಹೋಲಿಕೆ ನನಗೆ ಒಪ್ಪಿಗೆ ಇಲ್ಲ. ತುಕ್ಕಿನಿಂದ ಕಬ್ಬಿಣಕ್ಕೆ ಯಾವ ಉಪಯೋಗವೂ ಇಲ್ಲ. ಎಷ್ಟು ಕಮ್ಮಿ ಆದರೆ ಅಷ್ಟು ಒಳ್ಳೆಯದು. ದೇಹದಲ್ಲಿ ಹಾಗಿಲ್ಲ. ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವ ಪದಕ್ಕೆ 1985ರಲ್ಲಿ ಅರ್ಥ ಕಟ್ಟಿಕೊಟ್ಟ ಜರ್ಮನಿಯ ಹೆಲ್ಮುಟ್ ಸೀಸ್ ಕೂಡ ಮಾತಾಡಿದ್ದು ತಕ್ಕಡಿಯ ಬಗ್ಗೆ. ಸುಡುವವರ ಕಡೆ ಭಾರ ಜಾಸ್ತಿಯಾಗಿ, ಆರಿಸುವವರ ಕಡೆ ಮೇಲೆದ್ದರೆ ತೊಂದರೆ ಅಂತ. ಸುಡುವುದೇ ತಪ್ಪು ಅಂತಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ ಅಂತ ನನಗೆ ಅನ್ನಿಸಿತು. ಮೂಳೆ ಕೂಡಬೇಕಾದರೆ ಬೆಂಕಿ ಸರಿಯಾದ ಹೊತ್ತಿಗೆ ಹತ್ತಬೇಕು, ಸರಿಯಾದ ಹೊತ್ತಿಗೆ ಆರಬೇಕು. ಮಗುವಿನಲ್ಲಿ ಅದು ಭಗ್ ಅಂತ ಹತ್ತಿ ಬೇಗ ಆರುತ್ತದೆ. ವಯಸ್ಸಾದವರಲ್ಲಿ ಮೊದಲೇ ಮೈತುಂಬ ಸಣ್ಣ ಕೆಂಡ ಇರುತ್ತದೆ. ಇದಕ್ಕೆ ಇಟಲಿಯ ಫ್ರಾನ್ಚೆಸ್ಕಿ 2000ದಲ್ಲಿ ಇನ್‌ಫ್ಲಮೇಜಿಂಗ್ ಅಂತ ಹೆಸರಿಟ್ಟ, ಉರಿಯೂತ ಮತ್ತು ಮುಪ್ಪು ಎರಡನ್ನೂ ಬೆಸೆದ ಪದ. ಮುರಿದ ಜಾಗದಲ್ಲಿ ಬೆಂಕಿ ಹತ್ತುವುದು ಮಂದ, ಹತ್ತಿದ್ದು ಆರುವುದು ಇನ್ನೂ ಮಂದ. ಹೊಗೆಯಾಡುತ್ತಲೇ ಇರುತ್ತದೆ.

ಗಾರೆ ಕೆಲಸದವರನ್ನು ಎಬ್ಬಿಸಿಕೊಂಡು ಹೋದದ್ದು

ಹೊಗೆಯಾಡಿದರೆ ಮೂಳೆ ಕಟ್ಟುವುದು ಯಾಕೆ ನಿಲ್ಲಬೇಕು? ಓದಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಇದರ ಉತ್ತರ. ಮೂಳೆ ಕಟ್ಟುವ ಜೀವಕೋಶದೊಳಗೆ ಬೀಟಾ-ಕೆಟೆನಿನ್ ಅನ್ನುವ ಒಂದು ಪ್ರೋಟೀನ್ ಇದೆ. ಅದು ಕೋಶದ ನಡುವಿಗೆ ಹೋಗಿ ಒಬ್ಬ ಜೊತೆಗಾರನನ್ನು ಹಿಡಿದುಕೊಂಡರೆ "ಮೂಳೆ ಕಟ್ಟು" ಅನ್ನುವ ಆದೇಶ ಹೊರಡುತ್ತದೆ. ಆದರೆ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿಯಾದಾಗ ಫಾಕ್ಸೋ ಅನ್ನುವ ಇನ್ನೊಂದು ಗುಂಪಿನ ಪ್ರೋಟೀನುಗಳು ಎಚ್ಚರಗೊಳ್ಳುತ್ತವೆ. ಅವುಗಳ ಕೆಲಸ ಕೋಶವನ್ನು ಬೆಂಕಿಯಿಂದ ಕಾಪಾಡುವುದು, ಆರಿಸುವ ಕಿಣ್ವಗಳನ್ನು ಮಾಡಿಸುವುದು. ಅವಕ್ಕೂ ಬೇಕಾಗಿರುವುದು ಅದೇ ಬೀಟಾ-ಕೆಟೆನಿನ್. ಇರುವುದನ್ನೇ ಹಂಚಿಕೊಳ್ಳಬೇಕು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. 2007ರಲ್ಲಿ ಇದನ್ನು ತೋರಿಸಿದರು. ಮನೆ ಕಟ್ಟುತ್ತಿದ್ದ ಗಾರೆ ಕೆಲಸದವರನ್ನೇ ಎಬ್ಬಿಸಿಕೊಂಡು ಹೋಗಿ ಬಿಂದಿಗೆ ಕೊಟ್ಟು ಬೆಂಕಿ ಆರಿಸೋಕೆ ನಿಲ್ಲಿಸಿದ ಹಾಗೆ. ಅವರು ಸೋಮಾರಿಗಳಲ್ಲ, ಕೆಲಸ ಮರೆತವರೂ ಅಲ್ಲ. ಬೇರೆ ಕಡೆ ಸಿಕ್ಕಿಹಾಕಿಕೊಂಡಿದ್ದಾರೆ.

ಇದರ ಜೊತೆಗೆ ಇನ್ನೂ ಒಂದಿಷ್ಟು. ಮಜ್ಜೆಯಲ್ಲಿರುವ ಎಳೆಯ ಜೀವಕೋಶ ಮೂಳೆ ಕಟ್ಟುವವನಾಗಬಹುದು, ಕೊಬ್ಬು ತುಂಬಿಕೊಳ್ಳುವವನೂ ಆಗಬಹುದು. ವಯಸ್ಸಾದಂತೆ, ಈ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿಯಾದಂತೆ, ಅದು ಕೊಬ್ಬಿನ ಕಡೆ ವಾಲುತ್ತದೆ. ಇನ್ನೊಂದು ಕಡೆ ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಅನ್ನುವವರಿಗೆ ಇದೇ ಸೂಪರ್‌ಆಕ್ಸೈಡ್, ಪೆರಾಕ್ಸೈಡ್‌ಗಳು ಹುಮ್ಮಸ್ಸು ಕೊಡುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಮೂಳೆಯೊಳಗಿನ ಬೆಂಕಿಯನ್ನು ಹದ್ದುಬಸ್ತಿನಲ್ಲಿ ಇಟ್ಟವರಲ್ಲಿ ಅದೂ ಒಂದು. ಸಕ್ಕರೆ ಕಾಯಿಲೆ ಇದ್ದರೆ, ಬೀಡಿ ಸಿಗರೇಟು ಇದ್ದರೆ, ತಕ್ಕಡಿ ಇನ್ನಷ್ಟು ವಾಲುತ್ತದೆ. ಅಮ್ಮನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಡಾಕ್ಟರು ಅಂದ "ವಯಸ್ಸಾಯ್ತಲ್ಲ" ಒಳಗೆ ಇಷ್ಟೆಲ್ಲ ಮಡಚಿ ಇಟ್ಟಿತ್ತು. ಅವರಿಗೆ ಗೊತ್ತಿತ್ತು, ಬಿಡಿಸಿ ಹೇಳೋಕೆ ಹೊತ್ತಿರಲಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ಇಲ್ಲೇ ಒಂದು ಪ್ರಯೋಗ ಹೇಳಿಬಿಡುತ್ತೇನೆ, ಯಾಕೆಂದರೆ "ವಯಸ್ಸಾಯ್ತು, ಇನ್ನೇನು" ಅನ್ನುವ ನನ್ನ ಯೋಚನೆಯನ್ನು ಅಲ್ಲಾಡಿಸಿದ್ದು ಅದೇ. ಒಂದು ಮುದಿ ಇಲಿ, ಒಂದು ಎಳೆಯ ಇಲಿ, ಎರಡರ ಚರ್ಮವನ್ನೂ ಪಕ್ಕದಲ್ಲಿ ಹೊಲಿದು ರಕ್ತ ಇಬ್ಬರಲ್ಲೂ ಹರಿಯುವ ಹಾಗೆ ಮಾಡುತ್ತಾರೆ. (ಓದೋಕೇ ಕಷ್ಟ. ಗೊತ್ತು.) ಆಮೇಲೆ ಮುದಿ ಇಲಿಯ ಮೂಳೆ ಮುರಿದು ನೋಡುತ್ತಾರೆ. 2015ರಲ್ಲಿ ಬಂದ ಫಲಿತಾಂಶ ಏನೆಂದರೆ, ಎಳೆಯ ರಕ್ತ ಹರಿದ ಮುದಿ ಇಲಿಯ ಮೂಳೆ ಚೆನ್ನಾಗಿ ಕೂಡಿತು. ಅದರಲ್ಲೂ ಬದಲಾಗಿದ್ದವರಲ್ಲಿ ಒಬ್ಬ ನಮ್ಮ ಅದೇ ಬೀಟಾ-ಕೆಟೆನಿನ್. ಮುದಿ ಮೂಳೆಗೆ ಕೂಡುವ ಶಕ್ತಿ ಹೋಗಿರಲಿಲ್ಲ. ಸುತ್ತ ಇರುವ ನೀರು ಕೆಟ್ಟಿತ್ತು. ಇದರಿಂದ ನಾಳೆ ಬೆಳಗ್ಗೆ ಅಮ್ಮನಿಗೆ ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದರೂ ಆ ರಾತ್ರಿ ನನಗೆ ಸ್ವಲ್ಪ ನಿದ್ದೆ ಬಂತು.

ಅಣ್ಣ ತಂದ ಡಬ್ಬಿ

ನಾಲ್ಕನೇ ತಿಂಗಳಲ್ಲಿ ಅಣ್ಣ ಒಂದು ದೊಡ್ಡ ಡಬ್ಬಿ ತಂದ. ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲು. ತಪ್ಪು ಅವನದ್ದಲ್ಲ, ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಮನೆಯಲ್ಲಿ ದಿನಾ ಜಪ ಮಾಡಿದವಳು ನಾನೇ. "ನೀನೇ ಹೇಳಿದ್ಯಲ್ಲ, ಒಳಗೆ ಬೆಂಕಿ ಅಂತ. ಇದು ನೀರು. ಹಾಕು" ಅಂದ. ಕೇಳೋಕೆ ಎಷ್ಟು ಸರಳ. ಡಬ್ಬಿಯ ಮೇಲೆ ಬರೆದಿದ್ದ ಪ್ರಮಾಣ ನೋಡಿದೆ, ದಿನಕ್ಕೆ ಬೇಕಾದ್ದಕ್ಕಿಂತ ಹಲವು ಪಟ್ಟು. ನಾನು ಬೇಡ ಅಂದೆ. ಅವನು "ಕೊಟ್ರೆ ನಷ್ಟ ಏನು?" ಅಂದ. ಅಮ್ಮ ನಡುವೆ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ನಷ್ಟ ಇದೆ, ಅದು ಲೆಕ್ಕ ಹಾಕಿ ಗೊತ್ತಾಗಿರುವ ನಷ್ಟ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಜಾಸ್ತಿ ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರಿಗೆ ಕ್ಯಾರೆಟ್ಟಿನಲ್ಲಿರುವ ಬೀಟಾ-ಕ್ಯಾರೊಟಿನ್ ಅನ್ನುವ ಆಂಟಿಆಕ್ಸಿಡೆಂಟ್ ಕೊಟ್ಟರು, ಶ್ವಾಸಕೋಶದ ಕ್ಯಾನ್ಸರ್ ಕಮ್ಮಿಯಾಗಲಿ ಅಂತ. 1994ರಲ್ಲಿ ಲೆಕ್ಕ ಬಂದಾಗ, ಮಾತ್ರೆ ತಿಂದವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. 35,000 ಗಂಡಸರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಬರೀ ವಿಟಮಿನ್ ಇ (ಇದೂ ಆಂಟಿಆಕ್ಸಿಡೆಂಟೇ, ವಿಟಮಿನ್ ಸಿ ಕೂಡ) ತಿಂದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಅಂತ 2011ರಲ್ಲಿ ಗೊತ್ತಾಯಿತು. ಇವು ಮೂಳೆಯ ಪರೀಕ್ಷೆಗಳಲ್ಲ, ಸರಿ. ಮೂಳೆಗೆ ಹತ್ತಿರದ್ದು ಬೇಕಾದರೆ ವ್ಯಾಯಾಮದ್ದು ನೋಡಿ. 2009ರಲ್ಲಿ ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿದರು, ಅರ್ಧ ಜನಕ್ಕೆ ವಿಟಮಿನ್ ಸಿ ಮತ್ತು ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕಲ್ಲ, ಆ ಲಾಭ ವಿಟಮಿನ್ ತಿಂದವರಿಗೆ ಸಿಗಲೇ ಇಲ್ಲ. ವ್ಯಾಯಾಮ ಮಾಡಿದಾಗ ಏಳುವ ಸಣ್ಣ ಬೆಂಕಿಯಿಂದಲೇ ದೇಹ ತನ್ನ ದಳವನ್ನು ಬಲಪಡಿಸಿಕೊಳ್ಳುತ್ತದೆ. ಅದನ್ನು ಮೊದಲೇ ಆರಿಸಿಬಿಟ್ಟರೆ ದಳ ಯಾಕೆ ಬೆಳೆಯುತ್ತದೆ? ಇಲಿಗಳಿಗೆ ಆಂಟಿಆಕ್ಸಿಡೆಂಟ್ ಕೊಟ್ಟು ಮೂಳೆ ಬೇಗ ಕೂಡಿಸಿದ ಸುದ್ದಿಗಳು ಬೇಕಾದಷ್ಟಿವೆ. ಇಲಿಗೆ ಯಾವತ್ತು ಕೊಡಬೇಕು, ಯಾವತ್ತು ನಿಲ್ಲಿಸಬೇಕು ಅನ್ನುವುದು ಪ್ರಯೋಗ ಮಾಡುವವರ ಕೈಯಲ್ಲಿ ಇರುತ್ತದೆ. ಅಣ್ಣನ ಡಬ್ಬಿಗೆ ಹೊತ್ತು ಗೊತ್ತಾಗುವುದಿಲ್ಲ. ದಿನಾ ಎರಡು, ಊಟದ ನಂತರ.

"ಹಾಗಾದ್ರೆ ವಿಟಮಿನ್ ಸಿ ಮೂಳೆಗೆ ಬೇಡ್ವಾ?" ಅಂದ ಅಣ್ಣ, ಸೋಲೋಕೆ ಮನಸ್ಸಿಲ್ಲದೆ. ಬೇಕು. ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಚರಿತ್ರೆಯಲ್ಲೇ ಮೈ ಜುಮ್ಮೆನ್ನುವ ಉದಾಹರಣೆ ಇದೆ. 1740ರಲ್ಲಿ ಇಂಗ್ಲೆಂಡಿನಿಂದ ಆನ್ಸನ್ ಅನ್ನುವವನ ಹಡಗುಗಳು ಹೊರಟವು. ದಾರಿಯಲ್ಲಿ ಸ್ಕರ್ವಿ ಬಂದು ನಾವಿಕರು ಸಾಲು ಸಾಲಾಗಿ ಸತ್ತರು. ಅದರಲ್ಲಿ ಒಬ್ಬ ಮುದುಕ, 50 ವರ್ಷದ ಹಿಂದೆ ಯುದ್ಧದಲ್ಲಿ ಪೆಟ್ಟು ತಿಂದವನು. ಯಾವತ್ತೋ ವಾಸಿಯಾಗಿದ್ದ ಅವನ ಗಾಯಗಳು ಮತ್ತೆ ಬಾಯಿ ಬಿಟ್ಟವು, ಯಾವತ್ತೋ ಕೂಡಿದ್ದ ಮೂಳೆಯ ಗಂಟು ಕರಗಿ ಕೂಡೇ ಇರಲಿಲ್ಲವೇನೋ ಅನ್ನುವಂತೆ ಮತ್ತೆ ಬಿಟ್ಟುಕೊಂಡಿತು. ಮೂಳೆಯ ನಾರಾದ ಕೊಲಾಜನ್ ಗಟ್ಟಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕು, ಅದು ಪೂರ್ತಿ ಇಲ್ಲವಾದರೆ ಹಳೆಯ ಹೊಲಿಗೆಯೂ ಬಿಚ್ಚುತ್ತದೆ. ಆದರೆ ಕೊರತೆ ತುಂಬುವುದು ಬೇರೆ, ಇರುವುದರ ಮೇಲೆ ಸುರಿಯುವುದು ಬೇರೆ. ಮಣಿಕಟ್ಟು ಮುರಿದವರಿಗೆ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ 50 ದಿನ ಕೊಟ್ಟರೆ ಆಮೇಲೆ ಬರುವ ಹಟಮಾರಿ ನೋವು, ಊತ ಕಮ್ಮಿಯಾಗುತ್ತದೆ ಅಂತ 1999ರಲ್ಲಿ ಒಂದು ಪರೀಕ್ಷೆ ಹೇಳಿತು. 22 ಮಂದಿಗೆ ಬರುವ ಕಡೆ 7 ಮಂದಿಗೆ, ನೂರಕ್ಕೆ. ಎಲ್ಲರೂ ಖುಷಿಪಟ್ಟರು. 2014ರಲ್ಲಿ 336 ಜನರ ಮೇಲೆ ಮತ್ತೆ ನೋಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟ. ಬಿಸಾಡಲಿಲ್ಲ. ಅದು ಇನ್ನೂ ಅಲ್ಲೇ ಇದೆ.

20 ಕಿಲೋ ಅಂದರೆ ಎಷ್ಟು

ಹಾಗಾದರೆ ಮಾಡಬೇಕಾದ್ದು ಏನು ಅಂತ ಡಾಕ್ಟರನ್ನು ಕೇಳಿದಾಗ ಅವರು ಕೊಟ್ಟ ಉತ್ತರದಲ್ಲಿ ಹೊಸದೇನೂ ಇರಲಿಲ್ಲ. ಶುಗರ್ ಹಿಡಿತದಲ್ಲಿರಲಿ, ಪ್ರೋಟೀನ್ ಜಾಸ್ತಿ ತಿನ್ನಲಿ, ವಿಟಮಿನ್ ಡಿ ನೋಡೋಣ, ಕಾಲಿನ ಮೇಲೆ ಭಾರ ಹಾಕಿ ನಡೀಲಿ. ನಾನು ನಿರಾಸೆಯಿಂದ ಮನೆಗೆ ಬಂದೆ. ಓದಿದ ಮೇಲೆ ನೋಡಿದರೆ ಒಂದೊಂದೂ ಅದೇ ತಕ್ಕಡಿಗೆ ಸಂಬಂಧಿಸಿದ್ದು. ರಕ್ತದಲ್ಲಿ ಸಕ್ಕರೆ ಏರಿದರೆ ಮೈಟೊಕಾಂಡ್ರಿಯಾದ ಸೋರಿಕೆ ಏರುತ್ತದೆ. ಬೆಂಕಿ ಆರಿಸುವ ಗ್ಲುಟಾಥಯೋನ್ ಅನ್ನುವುದನ್ನು ದೇಹ ಪ್ರೋಟೀನಿನ ತುಣುಕುಗಳಿಂದಲೇ ಮಾಡಿಕೊಳ್ಳುತ್ತದೆ. ಭಾರ ಬಿದ್ದರೆ ಮೂಳೆಯೊಳಗಿನ ಜೀವಕೋಶಗಳಿಗೆ ಅದು ಗೊತ್ತಾಗಿ "ಮೂಳೆ ಕಟ್ಟು" ಅನ್ನುವ ಆದೇಶ, ಆ ಬೀಟಾ-ಕೆಟೆನಿನ್ ದಾರಿಯಲ್ಲೇ, ಮತ್ತೆ ಹೊರಡುತ್ತದೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ರೂಪ ತಾಳುತ್ತದೆ ಅಂತ ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಮಲಗಿದರೆ ಎಲ್ಲ ಉಲ್ಟಾ. ಸೊಂಟದ ಹತ್ತಿರ ಮೂಳೆ ಮುರಿದ ವಯಸ್ಸಾದವರಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹಾಸಿಗೆ ಹಿಡಿದದ್ದರಿಂದ ಆಗುವ ಅನಾಹುತವೂ ಅದಕ್ಕೆ ಒಂದು ಕಾರಣ.

ಸಮಸ್ಯೆ ಏನೆಂದರೆ ಅಮ್ಮ ಭಾರ ಹಾಕುತ್ತಲೇ ಇರಲಿಲ್ಲ. ಕಪ್ಪು ಗೆರೆ ನೋಡಿದ್ದಳಲ್ಲ. "ಕೂಡಿಲ್ಲ ಅಂತ ಅವರೇ ಹೇಳಿದ್ರು, ಕೂಡದೇ ಇರೋದ್ರ ಮೇಲೆ ಹೇಗೆ ನಿಲ್ಲಲಿ?" ಅನ್ನುತ್ತಿದ್ದಳು. ನ್ಯಾಯವಾದ ಮಾತೇ. ಒಳಗೆ ರಾಡ್ ಇದೆ, ಅದು ಹೊರುತ್ತದೆ ಅಂತ ಎಷ್ಟು ಹೇಳಿದರೂ ಹೆಬ್ಬೆರಳಿನ ತುದಿ ನೆಲಕ್ಕೆ ತಾಗಿಸಿ ಎತ್ತಿಬಿಡುತ್ತಿದ್ದಳು. ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಒಂದು ದಿನ ಮುಳ್ಳಿನ ತೂಕದ ಯಂತ್ರ ತಂದಳು, ಹಳೇ ಕಾಲದ್ದು, ಮೇಲೆ ನಿಂತು ನೋಡುವಂಥದ್ದು. ಪಕ್ಕದಲ್ಲಿ ಅದೇ ಎತ್ತರಕ್ಕೆ ಪುಸ್ತಕ ಜೋಡಿಸಿದಳು. ಎಡಗಾಲು ಪುಸ್ತಕದ ಮೇಲೆ, ಬಲಗಾಲು ಯಂತ್ರದ ಮೇಲೆ, ಕೈ ಎರಡೂ ವಾಕರ್ ಮೇಲೆ. "ಅಮ್ಮಾ, ಮುಳ್ಳು 20ಕ್ಕೆ ಬರೋ ತನಕ ಒತ್ತಿ, ಅಷ್ಟೇ. ಕಾಲು ನೋಡ್ಬೇಡಿ, ಮುಳ್ಳು ನೋಡಿ." ಮುಳ್ಳು 4ಕ್ಕೆ ಬಂದು ನಿಂತಿತು. ಅಮ್ಮ ತನ್ನ ಪ್ರಕಾರ ಪೂರ್ತಿ ಒತ್ತಿದ್ದಳು. "ಇಷ್ಟೇನಾ?" ಅಂದಳು, ಅವಳಿಗೇ ನಾಚಿಕೆಯಾದ ಹಾಗೆ. ಆ ದಿನ 9ರ ತನಕ ಹೋಯಿತು. ಆಮೇಲೆ ಅದು ಆಟದ ಹಾಗೆ ಆಯಿತು. ತಂಗಿಯ ಮಗ ಪಕ್ಕದಲ್ಲಿ ಕೂತು ಅಂಕಿ ಕೂಗುತ್ತಿದ್ದ, ಕೆಲವೊಮ್ಮೆ ಮೋಸ ಮಾಡಿ ಒಂದೆರಡು ಜಾಸ್ತಿ ಹೇಳುತ್ತಿದ್ದ. 20 ಮುಟ್ಟೋಕೆ ಹನ್ನೊಂದು ದಿನ ಬೇಕಾಯಿತು. ಆಮೇಲೆ ಡಾಕ್ಟರು 30 ಅಂದರು, ಆಮೇಲೆ ಎಷ್ಟು ಆಗುತ್ತೋ ಅಷ್ಟು ಅಂದರು.

ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಮೂಳೆ ತಾನಾಗಿ ಕೂಡುವುದಿಲ್ಲ ಅಂತ ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ನಾನು ಅಮ್ಮನಿಗೆ ಹೇಳದೆ ಆ ಲೆಕ್ಕ ಇಟ್ಟುಕೊಂಡಿದ್ದೆ. ಏಳನೇ ತಿಂಗಳಿನ ಎಕ್ಸ್‌ರೇ ಬಂದಾಗ ಆಸ್ಪತ್ರೆಯ ಮೆಟ್ಟಿಲ ಹತ್ತಿರವೇ ಕವರಿನಿಂದ ತೆಗೆದು ಆಕಾಶಕ್ಕೆ ಹಿಡಿದೆವು. ಕಪ್ಪು ಗೆರೆ ಪೂರ್ತಿ ಹೋಗಿರಲಿಲ್ಲ. ಆದರೆ ಅದರ ಎರಡೂ ಬದಿಗೆ, ಮೂಳೆಯ ಹೊರಗೆ, ತೆಳ್ಳಗೆ ಬಿಳಿ ಮೋಡದ ಹಾಗೆ ಏನೋ ಕೂತಿತ್ತು. ಅಮ್ಮ ಬೆರಳಿನಿಂದ ಉಜ್ಜಿ ನೋಡಿದಳು, ಫಿಲ್ಮಿನ ಮೇಲಿನ ಕೊಳೆ ಇರಬೇಕು ಅಂತ. "ಅದು ಕ್ಯಾಲಸ್. ಹೊಸ ಮೂಳೆ" ಅಂದೆ. "ಇಷ್ಟು ತೆಳ್ಳಗಾ?" ಅಂದಳು. ಸ್ವಲ್ಪ ಹೊತ್ತು ನೋಡಿ ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟಳು.

ಅವತ್ತು ಸಂಜೆ ಅವಳೇ ಯಂತ್ರ ತರಿಸಿಕೊಂಡಳು. ಫಿಸಿಯೋಥೆರಪಿಯ ದಿನ ಅಲ್ಲ, ಹುಡುಗಿ ಬಂದಿರಲಿಲ್ಲ. ಪುಸ್ತಕ ಜೋಡಿಸಿದ್ದು ನಾನು. ಬಲಗಾಲು ಇಟ್ಟಳು, ವಾಕರ್ ಹಿಡಿದಳು, ಕಣ್ಣು ಮುಳ್ಳಿನ ಮೇಲೆ. 30 ದಾಟಿತು. 40 ದಾಟಿತು. ಮುಳ್ಳು 46ರ ಹತ್ತಿರ ನಡುಗುತ್ತಾ ನಿಂತಿತು. ಎಡಗಾಲು ಪುಸ್ತಕದಿಂದ ಮೇಲೆದ್ದಿತ್ತು, ಒಂದು ಬೆರಳಿನಷ್ಟು. ಅಮ್ಮನಿಗೆ ಅದು ಗೊತ್ತಾಗಿರಲಿಲ್ಲ. ನಾನೂ ಹೇಳಲಿಲ್ಲ.